ಮಗ್ಗದ ಗುಂಡಿಗೆ ಇಳಿದ ವೂಫರ್

ದೇವೇಂದ್ರ ಒಂದು ಕೆಲಸ ಮಾಡುತ್ತೇನೆಂದು ಹಟ ಹಿಡಿದರೆ ಮಾಡಿಯೇ ತೀರುವ ಮನುಷ್ಯ. ಕೆಲಸ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದರಲ್ಲಿ ಮಾತ್ರ ಸ್ವಲ್ಪ ಹೆಚ್ಚುಕಮ್ಮಿಯಾಗುತ್ತಿತ್ತು. ಸೊಳ್ಳೆಪರದೆ ಕಟ್ಟಲೆಂದು ಅವನು ತನ್ನ ಗೋಡೆಗೆ ಹೊಡೆದ ಮೊಳೆ, ಪಕ್ಕದ ಮನೆಯ ಚೌಡೇಶನ ಕ್ಯಾಲೆಂಡರಿನಲ್ಲಿ ಸರಿಯಾಗಿ ಹದಿನಾಲ್ಕನೇ ತಾರೀಕಿನ ಮೇಲೆ ಹೊರಗೆ ಬಂದಿತ್ತು. ಚೌಡೇಶ ಒಂದು ವಾರ ಮಾತು ಬಿಟ್ಟ. ಆಮೇಲೆ ಆ ಮೊಳೆಗೆ ಅಂಗಿ ನೇತುಹಾಕತೊಡಗಿದ.

ಮೊಳಕಾಲ್ಮೂರಿನ ಆ ನೇಕಾರರ ಬೀದಿಯ ಮನೆಗಳೇ ಹಾಗೆ, ಒಂದರ ಬೆನ್ನಿಗೆ ಒಂದು ಒರಗಿಕೊಂಡು ನಿಂತವು. ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನೆಯವರು ಸೀನುತ್ತಾರೆ. ಪ್ರತಿ ಮನೆಯಲ್ಲೂ ನೆಲ ಅಗೆದು ಮಾಡಿದ ಒಂದು ಗುಂಡಿ, ಅದರ ಮೇಲೊಂದು ಮಗ್ಗ. ನೇಯುವವರು ಗುಂಡಿಯ ಅಂಚಿನಲ್ಲಿ, ನೆಲದ ಮೇಲೇ ಕುಳಿತು, ಕಾಲನ್ನು ಒಳಗೆ ಇಳಿಬಿಟ್ಟು, ಹಲಗೆ ತುಳಿಯುತ್ತಾ ರೇಷ್ಮೆ ಸೀರೆ ನೇಯುತ್ತಾರೆ.

ದೇವೇಂದ್ರನ ಮನೆಯಲ್ಲಿ ಅಂಥ ಗುಂಡಿ ಎರಡು. ಹಿಂದಿನ ಕೋಣೆಯ ಮಗ್ಗದಲ್ಲಿ ಅವನೂ ಹೆಂಡತಿ ಪುಷ್ಪಾಳೂ ಸರದಿಯಲ್ಲಿ ಕೂರುತ್ತಿದ್ದರು. ನಡುಮನೆಯ ಗುಂಡಿ ಅವನ ತಾಯಿ ಪಾಲಮ್ಮನದು. ನಲವತ್ತು ವರ್ಷ ಅಲ್ಲಿ ಕುಳಿತು ನೇಯ್ದ ಪಾಲಮ್ಮನಿಗೆ ಮೊದಲು ಕಿವಿ ಕೈಕೊಟ್ಟಿತು, ಆಮೇಲೆ ಮಂಡಿ. ಮಗ್ಗ ಬಿಚ್ಚಿಟ್ಟು ಆರು ವರ್ಷವಾಗಿತ್ತು. ಗುಂಡಿ ಹಾಗೇ ಉಳಿದಿತ್ತು. ಪಾಲಮ್ಮ ಬೆಳಿಗ್ಗೆ ಎದ್ದು ಅದರ ಸುತ್ತ ಗುಡಿಸುವುದನ್ನೂ ಬಿಟ್ಟಿರಲಿಲ್ಲ.

ಪುಷ್ಪಾಳಿಗೆ ಅದೇ ಗುಂಡಿ ಕಣ್ಣಿನ ಕಸ. ಎರಡು ಸಲ ಕಾಫಿ ತಟ್ಟೆಯ ಸಮೇತ ಅದರೊಳಗೆ ಕಾಲಿಟ್ಟಿದ್ದಳು. ಮೂರನೇ ಸಲ ಗ್ಯಾಸ್ ಸಿಲಿಂಡರಿನವನು ಇಳಿದ.

"ರೀ, ಮುಚ್ಚಿಸಿ ಟೈಲ್ಸ್ ಹಾಕ್ಸಿಬಿಡ್ರಿ. ಮನೆ ಮನೆ ಥರ ಕಾಣ್ತೈತೆ," ಎಂದಳು.

ಪಾಲಮ್ಮನಿಗೆ ಮಾತು ಕೇಳಿಸಲಿಲ್ಲ. ಆದರೆ ಸೊಸೆ ಗುಂಡಿಯ ಕಡೆ ಕೈ ತೋರಿಸಿದ್ದು ಕಂಡಿತು. ಮುದುಕಿ ಹೋಗಿ ಅಂಚಿನಲ್ಲಿ ಕುಳಿತು, ಕಾಲು ಇಳಿಬಿಟ್ಟಳು. ಮಧ್ಯಾಹ್ನ ಮುದ್ದೆಯನ್ನು ಅರ್ಧಕ್ಕೇ ಬಿಟ್ಟಳು.

"ಮುಚ್ಚಲ್ಲ," ಎಂದ ದೇವೇಂದ್ರ.

"ಹಂಗಾದ್ರೆ ಅದರಿಂದ ಏನಾದ್ರೂ ಒಂದು ಉಪಯೋಗ ತೋರಿಸ್ರಿ. ಯುಗಾದಿವರೆಗೂ ಸುಮ್ನಿರ್ತೀನಿ. ಆಮೇಲೆ ದಾಸಣ್ಣನ ಟ್ರ್ಯಾಕ್ಟರಲ್ಲಿ ಮಣ್ಣು ಬರ್ತೈತೆ."

ದೇವೇಂದ್ರ ಯೋಚನೆಗೆ ಬಿದ್ದ. ಮೊದಲು ಅದರಲ್ಲಿ ಈರುಳ್ಳಿ ಇಟ್ಟ, ಇಲಿಗಳು ಬಂದವು. ನೀರಿನ ಕೊಡ ಇಟ್ಟ. ಎತ್ತಲು ಹೋಗಿ ಸೊಂಟ ಹಿಡಿಯಿತು. ಹೀಗಿರುವಾಗ ಒಂದು ದಿನ ಫೋನಿನಲ್ಲಿ ಹೋಮ್ ಥಿಯೇಟರಿನ ವಿಡಿಯೋ ನೋಡಿದ. ಐದು ಸಣ್ಣ ಸ್ಪೀಕರು, ಜೊತೆಗೆ ನೆಲದ ಮೇಲೆ ಕೂರುವ ದಪ್ಪನೆಯ ಕರಿ ಪೆಟ್ಟಿಗೆ. ಅದರ ಹೆಸರು ವೂಫರ್. "ವೂಫರಿಗೆ ಅದರದೇ ಆದ ಒಂದು ಜಾಗ ಬೇಕು," ಎಂದು ವಿಡಿಯೋದವನು ಗಂಭೀರವಾಗಿ ಹೇಳಿದ. ದೇವೇಂದ್ರ ತಲೆ ಎತ್ತಿ ಗುಂಡಿಯ ಕಡೆ ನೋಡಿದ. ಜಗತ್ತಿನಲ್ಲಿ ಇನ್ನು ಯಾರಿಗೆ ಅಂಥ ಜಾಗವಿತ್ತು?

ಮರುದಿನ ಬೆಳಿಗ್ಗೆಯ ಬಸ್ಸಿಗೆ ಚಳ್ಳಕೆರೆಗೆ ಹೋದ. ಅಲ್ಲಿ ಶಶಿಕಾಂತನ ಟಿವಿ ಅಂಗಡಿ. ಶಶಿಕಾಂತನ ಅಪ್ಪ ಮುರುಗೇಂದ್ರಪ್ಪನವರು ಕಡಲೆಕಾಯಿ ಎಣ್ಣೆ ಮಾರಿದವರು. ಮಗ ಎಣ್ಣೆ ಬಿಟ್ಟು ಸದ್ದಿನ ವ್ಯಾಪಾರಕ್ಕೆ ಇಳಿದಿದ್ದ. ಅಪ್ಪನ ತಾಳ್ಮೆ ಮಾತ್ರ ಅವನಲ್ಲಿ ಹಾಗೇ ಉಳಿದಿತ್ತು; ಆ ದಿನ ಅದು ಪೂರ್ತಿ ಖರ್ಚಾಯಿತು.

"ಇದು ಸೌಂಡ್‌ಬಾರ್ ಅಣ್ಣ. ಟಿವಿ ಕೆಳಗೆ ಇಟ್ರೆ ಸಾಕು, ಇದೊಂದರಲ್ಲೇ ಎಲ್ಲಾ ಬರ್ತೈತೆ."

"ಇದಕ್ಕೆ ಗುಂಡಿ ಬೇಕಾ ಸಾಹುಕಾರ್ರೆ?"

"ಗುಂಡಿನಾ? ಬೇಡಣ್ಣ."

"ಹಂಗಾದ್ರೆ ಬೇಡ."

ಶಶಿಕಾಂತ ಎದೆಯೆತ್ತರದ ಎರಡು ಸ್ಪೀಕರುಗಳ ಮುಂದೆ ನಿಲ್ಲಿಸಿ ಹಾಡು ಹಾಕಿದ. ದೇವೇಂದ್ರ ಹಾಡು ಕೇಳಲಿಲ್ಲ. "ಇದನ್ನ ಅಡ್ಡ ಮಲಗಿಸಬಹುದಾ?" ಎಂದು ಕೇಳಿದ.

"ಯಾಕಣ್ಣ? ಚೆನ್ನಾಗಿ ನಿಂತೈತಲ್ಲ."

ಕೊನೆಗೆ ಐದು ಸಣ್ಣ ಸ್ಪೀಕರು, ಒಂದು ವೂಫರಿನ ಸೆಟ್ಟು ಬಂತು. ದೇವೇಂದ್ರ ಮಂಡಿಯೂರಿ ವೂಫರಿನ ಅಗಲವನ್ನು ಗೇಣು ಹಾಕಿ ಅಳೆದ. ಎತ್ತರ ಅಳೆದ. ಸುತ್ತಲೂ ಕೈ ಆಡಿಸಿ, ಸೀರೆಯ ಅಂಚು ನೋಡುವವನಂತೆ ಮೂಲೆಗಳನ್ನು ಸವರಿದ. "ಹಿಡಿಸ್ತೈತೆ! ಇದೇ ಕೊಡ್ರಿ," ಎಂದ.

"ಒಂದ್ಸಲ ಕೇಳಿ ನೋಡಲ್ವಾ?"

"ಕೇಳೋದು ಮನೇಲಿ ಕೇಳ್ತೀನಿ ಬಿಡ್ರಿ."

ಸ್ಪೀಕರನ್ನು ಕೇಳದೆ ಕೊಂಡ ಗಿರಾಕಿಯನ್ನು ಶಶಿಕಾಂತ ಆವರೆಗೆ ಕಂಡಿರಲಿಲ್ಲ. ಮನಸ್ಸಿಗೆ ಏನೋ ಕಸಿವಿಸಿಯಾಗಿ ಅಂಗಡಿಯ ಬಾಗಿಲವರೆಗೂ ಬಂದು ಬುದ್ಧಿ ಹೇಳಿದ. "ಅಣ್ಣ, ಮೂರು ಮಾತು ನೆನಪಿಟ್ಕೊಳ್ರಿ. ಸಣ್ಣ ಸ್ಪೀಕರು ಐದೂ ಕೂತವರ ಕಿವಿ ಮಟ್ಟಕ್ಕೆ ಇರಬೇಕು. ಅದರಲ್ಲಿ ಮೂರು ಮುಂದೆ, ಎರಡು ಬೆನ್ನ ಹಿಂದೆ. ಇನ್ನು ವೂಫರು, ಅದರ ಸದ್ದು ಎಲ್ಲಿಂದ ಬರ್ತೈತೆ ಅಂತ ಯಾರಿಗೂ ಗೊತ್ತಾಗಬಾರದು. ಅದೇ ಅದರ ಮಜಾ."

ದೇವೇಂದ್ರ ಮೂರನ್ನೂ ಬಸ್ಸಿನಲ್ಲಿ ಜಪ ಮಾಡುತ್ತಾ ಬಂದ. ಅವನು ಮೂರನ್ನೂ ಅಕ್ಷರಶಃ ಪಾಲಿಸಿದ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಮುಂದೆ ನಡೆದದ್ದಕ್ಕೆ ಶಶಿಕಾಂತನನ್ನಾಗಲಿ ದೇವೇಂದ್ರನನ್ನಾಗಲಿ ಬೈಯುವಂತಿಲ್ಲ.

ಕೂತವರ ಕಿವಿ ಮಟ್ಟ. ಕೂತವರು ಯಾರು? ಅವನ ಲೆಕ್ಕದಲ್ಲಿ ಕೂರುವುದೆಂದರೆ ಗುಂಡಿಯ ಅಂಚಿನಲ್ಲಿ ಕೂರುವುದು. ತಾತ ಹಾಗೆ ಕೂತ, ಅಪ್ಪ ಹಾಗೆ ಕೂತ. ದೇವೇಂದ್ರ ಅವ್ವನನ್ನು ಅವಳ ಜಾಗದಲ್ಲಿ ಕೂರಿಸಿ, ನೆಲದಿಂದ ಕಿವಿಯ ಓಲೆಯವರೆಗೆ ಅಳೆದ. ಒಂದೂವರೆ ಮೊಳ. ಅಷ್ಟೇ ಎತ್ತರಕ್ಕೆ ಸುತ್ತಲೂ ಮೊಳೆ ಹೊಡೆದ.

"ಲೇ ದೇವಾ!" ಗೋಡೆಯಾಚೆಯಿಂದ ಚೌಡೇಶ ಕೂಗಿದ. "ಇನ್ನೊಂದು ಬಂತು ನೋಡು! ಈ ಸಲ ತೀರಾ ಕೆಳಗೆ ಬಂದೈತೆ, ಅಂಗಿ ಹಾಕಿದ್ರೆ ನೆಲ ಗುಡಿಸ್ತೈತೆ!"

ವೂಫರನ್ನು ಗುಂಡಿಯೊಳಗೆ ಇಳಿಸಿದ. ಎಲ್ಲಿಂದ ಸದ್ದು ಬರುತ್ತದೆಂದು ಯಾರಿಗೂ ಗೊತ್ತಾಗಬಾರದಲ್ಲ, ಅದರ ಮೇಲೆ ಹಲಗೆ ಮುಚ್ಚಿದ. ಹಲಗೆಯ ಮೇಲೆ ಎರಡು ಕೌದಿ ಹಾಸಿದ. ದೂರ ನಿಂತು ನೋಡಿದ. ಗೊತ್ತಾಗುತ್ತಿರಲಿಲ್ಲ.

ಶನಿವಾರ ಸಂಜೆ ಆರೂವರೆಗೆ ಒಂದು ಯುದ್ಧದ ಸಿನಿಮಾ ಹಾಕಿದ. ಪುಷ್ಪಾ ಸೋಫಾದ ಮೇಲೆ ಕುಳಿತು ಸ್ವಲ್ಪ ಹೊತ್ತು ನೋಡಿದಳು. "ರೀ, ಹೀರೋ ನನ್ನ ಮೊಣಕಾಲ ಹತ್ರ ಮಾತಾಡ್ತಾನೆ."

"ಕಿವಿ ಮಟ್ಟಕ್ಕೇ ಇಟ್ಟೀನಿ ಕಣೆ."

"ಯಾರ ಕಿವಿ?"

"ಕೂತವರದು."

"ಮತ್ತೆ ನಾನೇನು ನಿಂತಿದೀನಾ?" ಎಂದು ಅವಳು ಎದ್ದು ಅಕ್ಕಿ ಆರಿಸಲು ಹಿತ್ತಲಿಗೆ ಹೋದಳು.

ದೇವೇಂದ್ರನಿಗೆ ಹೀರೋನ ಚಿಂತೆಯಿರಲಿಲ್ಲ. ಅವನು ವೂಫರಿಗಾಗಿ ಕಾಯುತ್ತಿದ್ದ. ತೆರೆಯ ಮೇಲೆ ಫಿರಂಗಿ ಹಾರಿತು. ಪಟಾಕಿಯಷ್ಟು ಸದ್ದು ಬಂತು. ವೂಫರಿನ ವಾಲ್ಯೂಮು ಅರ್ಧಕ್ಕೆ ಏರಿಸಿದ. ಪೂರ್ತಿ ಏರಿಸಿದ. ಆಗ ಇದ್ದಕ್ಕಿದ್ದಂತೆ ಅವನು ಕುಳಿತ ಪ್ಲಾಸ್ಟಿಕ್ ಕುರ್ಚಿ ಗಡಗಡ ನಡುಗಿತು. ಹೊರಗೆ ಕಿರುಚಾಟ ಕೇಳಿತು.

ದೇವೇಂದ್ರ ಜಾಗ್ರತೆಯ ಮನುಷ್ಯ. ಸ್ವಿಚ್ಚು ಆರಿಸಿಯೇ ಹೊರಗೆ ಓಡಿದ.

ಬೀದಿಗೆ ಬೀದಿಯೇ ಹೊರಗಿತ್ತು. ಚೌಡೇಶನ ಮನೆಯ ಹಲಗೆಯ ಮೇಲಿದ್ದ ಹನ್ನೊಂದು ಸ್ಟೀಲ್ ಲೋಟಗಳು ಒಂದರ ಹಿಂದೆ ಒಂದು ನಡೆದುಕೊಂಡು ಬಂದು ಕೆಳಗೆ ಹಾರಿದ್ದವು. ಎದುರು ಮನೆಯ ವೀರಮ್ಮನ ದೋಸೆ ಹಿಟ್ಟು ಒಲೆ ಹತ್ತಿಸದೆಯೇ ಕುದಿದಿತ್ತು.

"ಭೂಮಿ ಗುಡುಗ್ತಾ ಐತೆ!" ಎಂದ ಚೌಡೇಶ. "ಕೆಳಗಿಂದ ಬಂತು, ಕಾಲಿಗೆ ಗೊತ್ತಾಯ್ತು ನನಗೆ."

"ವರವು ಕಾವಲ್ ಕಡೆ ಆ ರಕ್ಷಣಾ ಇಲಾಖೆಯೋರು ಏನೋ ಹಾರಿಸಿರ್ತಾರೆ ಬಿಡ್ರಿ," ಎಂದ ಟ್ರ್ಯಾಕ್ಟರ್ ದಾಸಣ್ಣ.

"ಹಾರಿಸಿದ್ರೆ ಮೇಲಿಂದ ಬರಬೇಕಲ್ಲ, ಕೆಳಗಿಂದ ಯಾಕೆ ಬರ್ತೈತೆ? ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತು ಯಾರೋ ತೀರಿಸಿಲ್ಲ," ಎಂದು ವೀರಮ್ಮ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು.

"ನಮ್ಮನೇಲಿ ಇನ್ನೂ ಜಾಸ್ತಿ," ಎಂದ ದೇವೇಂದ್ರ. "ಕುರ್ಚಿ ಸಮೇತ ನಡುಗಿಬಿಟ್ಟೆ." ಅದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.

ಆಗ ನೆನಪಾಗಿ ಒಳಗೆ ಓಡಿದರೆ, ಪಾಲಮ್ಮ ಹೊರಗೆ ಬಂದೇ ಇರಲಿಲ್ಲ. ತನ್ನ ಗುಂಡಿಯ ಹತ್ತಿರ ಕೌದಿಯ ಮೇಲೆ ಕಾಲು ಚಾಚಿ ಕುಳಿತು, ಆರಿಹೋದ ಟಿವಿಯನ್ನು ನೋಡುತ್ತಿದ್ದಳು. ದೇವೇಂದ್ರನೂ ಚೌಡೇಶನೂ ಅವಳನ್ನು ಎತ್ತಿಕೊಂಡು ಬೀದಿಗೆ ತಂದರು. ಮುದುಕಿ ಇಬ್ಬರಿಗೂ ಒಂದೊಂದು ಏಟು ಕೊಟ್ಟಳು. ಗಾಬರಿಯಿಂದ ಹೀಗಾಡುತ್ತಾಳೆಂದು ವೀರಮ್ಮ ಅವಳಿಗೆ ನೀರು ಕುಡಿಸಿದಳು.

ಭಾನುವಾರ ಸಂಜೆ ಮತ್ತೆ ಭೂಮಿ ಗುಡುಗಿದ ಮೇಲೆ ದೇವೇಂದ್ರ ಶಶಿಕಾಂತನಿಗೆ ಫೋನು ಮಾಡಿದ.

"ಸಾಹುಕಾರ್ರೆ, ನಿಮ್ಮ ವೂಫರು ಕೆಲಸ ಮಾಡ್ತಾ ಇಲ್ಲ."

"ಲೈಟು ಹತ್ತೈತಾ ಅಣ್ಣ?"

"ಗುಂಡಿ ಒಳಗೆ ಹತ್ತಿರೋದು ಹೆಂಗೆ ಕಾಣಬೇಕು? ಅದಿರ್ಲಿ, ಇಲ್ಲಿ ಎರಡು ದಿನದಿಂದ ಭೂಮಿ ಗುಡುಗ್ತಾ ಐತೆ. ಈ ಭೂಮಿ ಸದ್ದಲ್ಲಿ ನಿಮ್ಮ ವೂಫರ್ ಸದ್ದು ನನಗೆ ಕೇಳ್ತಾನೇ ಇಲ್ಲ!"

ಶಶಿಕಾಂತ, "ಅಣ್ಣ, ಮೊದಲು ಜೀವ ನೋಡ್ಕೊಳ್ರಿ, ಸ್ಪೀಕರ್ ಆಮೇಲೆ ನೋಡಿದ್ರಾಯ್ತು," ಎಂದು ಫೋನಿಟ್ಟ.

ದೇವೇಂದ್ರ ಬಿಡುವವನಲ್ಲ. ಯುಗಾದಿಗೆ ಉಳಿದದ್ದು ಒಂಬತ್ತು ದಿನ. ವೂಫರು ಸದ್ದು ಮಾಡದಿದ್ದರೆ ಗುಂಡಿಗೆ ಕೆಲಸವಿಲ್ಲ, ಗುಂಡಿಗೆ ಕೆಲಸವಿಲ್ಲದಿದ್ದರೆ ಅವ್ವನ ಜಾಗವಿಲ್ಲ. ಆದ್ದರಿಂದ ಪ್ರತಿ ಸಂಜೆ ಹಟ ಹಿಡಿದು ಸಿನಿಮಾ ಹಾಕಿದ. ಹಾಕಿದಾಗಲೆಲ್ಲ ಭೂಮಿ ಗುಡುಗಿತು. ಗುಡುಗಿದಾಗಲೆಲ್ಲ ಸ್ವಿಚ್ಚು ಆರಿಸಿ ಹೊರಗೆ ಓಡಿದ. ಅವನು ಹೊರಗೆ ಕಾಲಿಟ್ಟ ಕೂಡಲೇ ಭೂಮಿ ಸುಮ್ಮನಾಯಿತು.

ಇದನ್ನು ಮೊದಲು ಗಮನಿಸಿದವನು ಚೌಡೇಶ. ಮಂಗಳವಾರ ಎಲ್ಲರೂ ಬೀದಿಯಲ್ಲಿ ನಿಂತಿದ್ದಾಗ ಅವನು ದೇವೇಂದ್ರನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಲೇ ದೇವಾ, ನಾಲ್ಕು ದಿನದಿಂದ ನೋಡ್ತಿದೀನಿ. ನೀನು ಹೊರಗೆ ಬಂದ್ರೆ ನಿಲ್ತೈತೆ."

"ಏನು?"

"ಭೂಮಿ!"

ವೀರಮ್ಮ ತಲೆಯ ಮೇಲೆ ಸೆರಗು ಹೊದ್ದಳು. ಮರುದಿನದಿಂದ ದೇವೇಂದ್ರ, ದೇವೇಂದ್ರಪ್ಪನವರಾದ. ವೀರಮ್ಮ ತೆಂಗಿನಕಾಯಿ ತಂದುಕೊಟ್ಟಳು. ಸಂಜೆಯಾಗುತ್ತಲೇ ಬೀದಿಯ ನಡುವೆ ಕುರ್ಚಿ ಹಾಕಿ, ಅವನನ್ನು ಕೂರಿಸಿ, ಟೀ ಕೊಟ್ಟರು. ಅವನು ಕುಳಿತಷ್ಟು ಹೊತ್ತು ನೆಲ ಮಿಸುಕಲಿಲ್ಲ. ಮೊದಮೊದಲು ಅವನಿಗೂ ಸಂಕೋಚವಾಯಿತು. ಎರಡನೇ ಟೀ ಹೊತ್ತಿಗೆ, "ನಮ್ಮ ತಾತನೂ ಹಂಗೇ ಇದ್ರಂತೆ," ಎಂದುಬಿಟ್ಟ.

"ಎದ್ದು ಬನ್ರಿ, ಹಾಲು ತರಬೇಕು," ಎಂದು ಪುಷ್ಪಾ ಬಾಗಿಲಲ್ಲಿ ನಿಂತು ಕೂಗಿದಳು.

"ಏ ಪುಷ್ಪಕ್ಕ, ಅವರನ್ನ ಎಬ್ಬಿಸಬೇಡ!" ಎಂದು ಬೀದಿಯೇ ಗದರಿತು. "ಹಾಲು ನಾವು ತರ್ತೀವಿ!"

ಪುಷ್ಪಾ ಸೊಂಟದ ಮೇಲೆ ಕೈಯಿಟ್ಟು ಗಂಡನನ್ನು ನೋಡಿದಳು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಈ ಮನುಷ್ಯ ಒಂದು ಕುಕ್ಕರಿನ ಸೀಟಿಯನ್ನೂ ಹೊತ್ತಿಗೆ ಸರಿಯಾಗಿ ನಿಲ್ಲಿಸಿದ್ದಿಲ್ಲ.

ಶುಕ್ರವಾರ ಬೆಳಿಗ್ಗೆ ಕಂದಾಯ ಇಲಾಖೆಯ ಜೀಪು ಬಂತು. ಇಳಿದವರು ಆರ್.ಐ. ತಿಪ್ಪೇರುದ್ರಪ್ಪನವರು. ಕೈಯಲ್ಲಿ ಫೈಲು, ಮುಖದಲ್ಲಿ ಜಿಲ್ಲಾ ಕೇಂದ್ರಕ್ಕೆ ವರದಿ ಕಳಿಸಬೇಕಾದ ಚಿಂತೆ. ನೆಲಕ್ಕೆ ಕಿವಿಯಿಟ್ಟು ಆಲಿಸಿದರು. ಮನೆ ಮನೆ ಹೊಕ್ಕು ಗುಂಡಿಗಳನ್ನು ನೋಡಿದರು. ಆಮೇಲೆ ಬೀದಿಯಲ್ಲಿ ನಿಂತು ತೀರ್ಪು ಕೊಟ್ಟರು.

"ಕೆಲಸ ಇಲ್ಲದ ಗುಂಡಿಗಳಲ್ಲಿ ಗಾಳಿ ಸೇರ್ಕೊಂಡು ಗುಡುಗ್ತಿರಬಹುದು. ತಜ್ಞರು ಬರೋವರೆಗೂ ಕಾಯೋದು ಬೇಡ. ಮಗ್ಗ ನಡೆಯೋ ಗುಂಡಿ ಇರಲಿ, ಖಾಲಿ ಗುಂಡಿ ಎಲ್ಲಾ ಇವತ್ತೇ ಮುಚ್ಚಿಬಿಡಿ. ಎಷ್ಟವೆ ಖಾಲಿ?"

ಬೀದಿಯೆಲ್ಲ ಹುಡುಕಿದರೂ ಖಾಲಿ ಗುಂಡಿ ಒಂದೇ. ಪಾಲಮ್ಮನದು.

ದೇವೇಂದ್ರ ಅಡ್ಡ ಬಂದ. "ಸಾರ್, ಅದು ಖಾಲಿ ಅಲ್ಲ. ಕೆಲಸ ಮಾಡ್ತೈತೆ."

"ಏನು ಕೆಲಸ?"

"ಸದ್ದು ಮಾಡೋ ಕೆಲಸ ಸಾರ್. ಒಳಗೆ ವೂಫರ್ ಇಟ್ಟೀನಿ."

"ಸದ್ದು ಬರ್ತೈತಾ?"

ದೇವೇಂದ್ರ ಸುಳ್ಳು ಹೇಳುವವನಲ್ಲ. "ಇನ್ನೂ ಬಂದಿಲ್ಲ ಸಾರ್."

"ಸದ್ದು ಮಾಡದ ಪೆಟ್ಟಿಗೆ ಇಟ್ಟಿರೋ ಗುಂಡಿನೂ ಖಾಲಿ ಗುಂಡಿನೇ. ಮುಚ್ಚಿ," ಎಂದು ಆರ್.ಐ. ಫೈಲಿನಲ್ಲಿ ಗೀಚಿದರು.

ದಾಸಣ್ಣನಿಗೆ ಇಷ್ಟು ಸಾಕಿತ್ತು. ಒಂದು ಗಂಟೆಯೊಳಗೆ ಟ್ರ್ಯಾಕ್ಟರ್ ಹಿಂದೆ ಹಿಂದೆ ಬಂದು ದೇವೇಂದ್ರನ ಬಾಗಿಲಿಗೆ ಮಣ್ಣು ಸುರಿಯಿತು. ಕೆಂಪು ಮಣ್ಣಿನ ಗುಡ್ಡೆ ಹೊಸ್ತಿಲ ಎತ್ತರಕ್ಕೆ ಬಂದು ನಿಂತಿತು. ಪುಷ್ಪಾ ಗುಡ್ಡೆಯನ್ನು ನೋಡಿದಳು, ಗಂಡನನ್ನು ನೋಡಿದಳು. ಆರು ವರ್ಷದಿಂದ ಕೇಳುತ್ತಿದ್ದದ್ದು ಬಾಗಿಲಿಗೇ ಬಂದಿತ್ತು. ಆದರೂ ಅವಳಿಗೆ ಯಾಕೋ ಖುಷಿಯಾಗಲಿಲ್ಲ. "ಅತ್ತೆಮ್ಮ ಒಳಗೇ ಅದಾರೆ," ಎಂದಳು ಮೆಲ್ಲಗೆ. "ನೀವೇ ಹೇಳ್ರಿ. ನನ್ನ ಕೈಲಿ ಆಗಲ್ಲ."

ವೂಫರನ್ನಾದರೂ ಮೇಲೆತ್ತಿಕೊಳ್ಳೋಣವೆಂದು ದೇವೇಂದ್ರ ಒಳಗೆ ಹೋದ. ಹೋಗುತ್ತಲೇ ಹೊರಗೆ ಬೀದಿ ಕಿರುಚಿತು: "ಬಂತು! ಬಂತು! ಗುಡುಗ್ತು!" ಮಣ್ಣು ಹೊರಲು ತಂದ ಮಂಕರಿಗಳು ಬಿದ್ದ ಸದ್ದು. ಆರ್.ಐ. ಅವರ ಚಪ್ಪಲಿ ಓಡಿದ ಸದ್ದು.

ನಡುಮನೆಯಲ್ಲಿ ಟಿವಿ ಉರಿಯುತ್ತಿತ್ತು. ಪಾಲಮ್ಮ ಕೌದಿ ಸರಿಸಿ, ಹಲಗೆ ಸರಿಸಿ, ತನ್ನ ಹಳೆಯ ಜಾಗದಲ್ಲಿ ಕುಳಿತಿದ್ದಳು. ಕೈಯಲ್ಲಿ ರಿಮೋಟು. ಮಗ ಯಾವ ಬಟನ್ ಒತ್ತುತ್ತಾನೆಂದು ವಾರದಿಂದ ನೋಡಿ ಕಲಿತಿದ್ದಳು. ತೆರೆಯ ಮೇಲೆ ಕುದುರೆಗಳು ಓಡುತ್ತಿದ್ದವು. ಇಳಿಬಿಟ್ಟ ಅವಳ ಕಾಲುಗಳು ಒಂದಾದ ಮೇಲೊಂದು ಏಳುತ್ತಿದ್ದವು, ಇಳಿಯುತ್ತಿದ್ದವು, ಮಗ್ಗದ ಹಲಗೆ ತುಳಿಯುವಾಗಿನ ಹಾಗೆಯೇ.

"ಅವ್ವ, ಏಳವ್ವ," ಎಂದು ದೇವೇಂದ್ರ ಅವಳ ಪಕ್ಕ ಕುಳಿತು, ವೂಫರಿನ ತಂತಿ ಹುಡುಕಲು ತಾನೂ ಕಾಲಿಳಿಸಿದ.

ಪಾದ ವೂಫರಿನ ತಲೆಗೆ ತಾಗಿತು. ಅಂಗಾಲಿನಿಂದ ಹೊರಟ ಗುಡುಗು ಮಂಡಿ ದಾಟಿ, ಬೆನ್ನು ಹತ್ತಿ, ಹಲ್ಲಿನವರೆಗೆ ಬಂತು.

ದೇವೇಂದ್ರ ರಿಮೋಟು ತೆಗೆದುಕೊಂಡು ನಿಲ್ಲಿಸಿದ. ಹೊರಗೆ ಕಿರುಚಾಟ ನಿಂತಿತು. ಒತ್ತಿದ. ಕಿರುಚಾಟ ಶುರುವಾಯಿತು. ನಿಲ್ಲಿಸಿದ. ಹೊರಗಿನಿಂದ ಚೌಡೇಶನ ದನಿ ಬಂತು: "ನೋಡಿದ್ರಾ ಸಾರ್? ದೇವೇಂದ್ರಪ್ಪನೋರು ಒಳಗಿಂದಾನೇ ನಿಲ್ಲಿಸಿಬಿಟ್ರು!"

ಎದ್ದು ವೂಫರು ಕಿತ್ತು ಸುಮ್ಮನಿದ್ದರೆ ಮುಗಿಯುತ್ತಿತ್ತು. ಗುಡುಗು ನಿಲ್ಲುತ್ತಿತ್ತು, ಕುರ್ಚಿ, ಟೀ, ತೆಂಗಿನಕಾಯಿ ಎಲ್ಲವೂ ಉಳಿಯುತ್ತಿದ್ದವು. ಸಾಯುವವರೆಗೂ ದೇವೇಂದ್ರಪ್ಪನವರೇ. ಹೊಸ್ತಿಲಾಚೆ ಕೆಂಪು ಮಣ್ಣು ಕಾಣುತ್ತಿತ್ತು. ಪಾಲಮ್ಮ ಮಗನ ಮೊಣಕೈ ತಿವಿದು, ಟಿವಿಯ ಕಡೆ ಗಲ್ಲ ತೋರಿಸಿ, "ಪೆಟ್ಟರಾ," ಎಂದಳು ತೆಲುಗಿನಲ್ಲಿ. ಹಾಕೋ, ಮುಂದೇನಾಯ್ತು ನೋಡೋಣ ಎಂದು.

ದೇವೇಂದ್ರ ಎದ್ದು ಹೋಗಿ ಮಣ್ಣಿನ ಗುಡ್ಡೆ ಹತ್ತಿ ನಿಂತ.

"ಯಾರೂ ಓಡಬೇಡ್ರಿ," ಎಂದ. "ಅದು ನಂದು."

"ಏನ್ರಿ ನಿಮ್ದು?" ಜೀಪಿನ ಹಿಂದಿನಿಂದ ಆರ್.ಐ. ತಲೆ ಹಾಕಿದರು.

"ಭೂಕಂಪ ಸಾರ್."

ಆಮೇಲೆ ನಡೆದದ್ದನ್ನು ದೇವೇಂದ್ರನ ಮರ್ಯಾದೆಯ ದೃಷ್ಟಿಯಿಂದ ಬೇಗ ಹೇಳಿ ಮುಗಿಸಬೇಕು. ಅವನು ಹೊಸ್ತಿಲಲ್ಲಿ ನಿಂತು ಎಲ್ಲರ ಮುಂದೆ ರಿಮೋಟು ಒತ್ತಿದ, ನಿಲ್ಲಿಸಿದ, ಒತ್ತಿದ. ಮೂರನೇ ಸಲಕ್ಕೆ ಚೌಡೇಶನಿಗೆ ಅರ್ಥವಾಯಿತು.

"ಲೇ ದೇವಾ! ನನ್ನ ಹನ್ನೊಂದು ಲೋಟ! ಎಲ್ಲಾ ಸೊಟ್ಟಗಾದವು ಕಣಲೇ!"

"ನನ್ನ ಕಾಯಿ ವಾಪಸ್ ಕೊಡು," ಎಂದಳು ವೀರಮ್ಮ.

"ಚಟ್ನಿ ಆಗೋಯ್ತು ವೀರಕ್ಕ," ಎಂದಳು ಪುಷ್ಪಾ ಒಳಗಿನಿಂದ. ಸೆರಗು ಬಾಯಿಗೆ ಒತ್ತಿಕೊಂಡಿದ್ದರೂ ನಗು ಭುಜದಲ್ಲಿ ಕುಣಿಯುತ್ತಿತ್ತು.

ಆರ್.ಐ. ಮಾತ್ರ ನಗಲಿಲ್ಲ. "ಏನ್ರಿ ಇದು ಆಟ? ನಾನು ಚಿತ್ರದುರ್ಗಕ್ಕೆ ಎರಡು ಸಲ ಫೋನ್ ಮಾಡಿದೀನಿ! ಈಗ ವರದೀಲಿ ಏನಂತ ಬರೀಲಿ?"

"ಗುಂಡಿ ಖಾಲಿ ಇಲ್ಲ, ಕೆಲಸ ಮಾಡ್ತೈತೆ ಅಂತ ಬರೀರಿ ಸಾರ್," ಎಂದ ದೇವೇಂದ್ರ. ಮುಖ ಕೆಂಪಾಗಿತ್ತು, ದನಿ ಮಾತ್ರ ಹಿಂಜರಿಯಲಿಲ್ಲ. "ನೀವೇ ಹೇಳಿದ್ರಲ್ಲ, ಸದ್ದು ಬಂದ್ರೆ ಖಾಲಿ ಅಲ್ಲ ಅಂತ. ಬೇಕಾದ್ರೆ ಬಂದು ಕೂತು ನೋಡ್ರಿ."

ಸ್ಥಳ ಪರಿಶೀಲನೆ ಎಂದ ಮೇಲೆ ಸರ್ಕಾರಿ ಮನುಷ್ಯ ಬಿಡುವಂತಿಲ್ಲ. ಪಾಲಮ್ಮನನ್ನು ಎಬ್ಬಿಸಿ, ಆರ್.ಐ. ತಿಪ್ಪೇರುದ್ರಪ್ಪನವರು ಪ್ಯಾಂಟು ಮಡಿಚಿ, ಗುಂಡಿಯ ಅಂಚಿನಲ್ಲಿ ಕುಳಿತು, ಕಾಲು ಇಳಿಬಿಟ್ಟರು. ದೇವೇಂದ್ರ ಕುದುರೆಗಳನ್ನು ಓಡಿಸಿದ.

ನೆಲದಿಂದ ಒಂದೂವರೆ ಮೊಳ. ಐದು ಸ್ಪೀಕರುಗಳೂ ಸರಿಯಾಗಿ ಅವರ ಕಿವಿಗೇ ನೆಟ್ಟಿದ್ದವು. ಎಡಗಡೆ ಒಬ್ಬ ಪಿಸುಗುಟ್ಟಿದ, ಬೆನ್ನ ಹಿಂದಿನಿಂದ ಬಾಣ ಬಂತು, ಆರ್.ಐ. ತಲೆ ತಗ್ಗಿಸಿದರು. ಕುದುರೆಗಳು ಅಂಗಾಲಿನ ಕೆಳಗೇ ಓಡಿದವು. ಆ ಮನೆಯಲ್ಲಿ ಹೋಮ್ ಥಿಯೇಟರು ಕೇಳಿಸುವ ಜಾಗ ಒಂದೇ ಒಂದಿತ್ತು, ಅದು ಇದೇ. ಫೈಲು ತೊಡೆಯಿಂದ ಜಾರಿ ಗುಂಡಿಗೆ ಬಿತ್ತು. ಅವರು ಎತ್ತಿಕೊಳ್ಳಲಿಲ್ಲ.

"ಸಾರ್, ವರದಿ..." ಎಂದ ದಾಸಣ್ಣ ಬಾಗಿಲಿಂದ.

"ಸುಮ್ನಿರಪ್ಪ, ಪರಿಶೀಲನೆ ನಡೀತಾ ಐತೆ."

ಕೋಟೆ ಬಿದ್ದ ಮೇಲೆ ಫೈಲಿಗೆ ಕೈ ಹಾಕಿ, ಹಳೆಯ ಸಾಲಿಗೆ ಗೀಟು ಎಳೆದು, "ಗುಂಡಿ ಬಳಕೆಯಲ್ಲಿದೆ. ಮುಚ್ಚುವ ಅಗತ್ಯ ಕಂಡುಬಂದಿಲ್ಲ," ಎಂದು ಬರೆದರು. ಸದ್ದು ಕಾಲುಭಾಗಕ್ಕೆ ಇಳಿಸಬೇಕೆಂದೂ ಚೌಡೇಶನ ಲೋಟ ನೆಟ್ಟಗೆ ಮಾಡಿಸಿಕೊಡಬೇಕೆಂದೂ ಷರತ್ತು ಹಾಕಿದರು. ದಾಸಣ್ಣ ಗೊಣಗುತ್ತಾ ಮಣ್ಣು ತುಂಬಿಕೊಳ್ಳತೊಡಗಿದ. "ಎರಡು ಮಂಕರಿ ಬಿಡಣ್ಣ, ಕರಿಬೇವಿನ ಗಿಡಕ್ಕೆ," ಎಂದಳು ಪುಷ್ಪಾ. ಟೈಲ್ಸಿನ ಸುದ್ದಿ ಅವಳು ಎತ್ತಲಿಲ್ಲ. ಗುಂಡಿಯ ಅಂಚಿಗೆ ಒಂದು ದಿಂಬು ತಂದು ಹಾಕಿದಳು.

ವರದಿ ಮುಗಿದರೂ ಆರ್.ಐ. ಏಳಲಿಲ್ಲ. ಕೋಟೆ ಬಿದ್ದರೂ ರಾಜ ಇನ್ನೂ ಸಿಕ್ಕಿರಲಿಲ್ಲ.

ಇಷ್ಟು ಹೊತ್ತೂ ಪಾಲಮ್ಮ ಅವರ ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದಳು. ನಲವತ್ತು ವರ್ಷ ಎಳೆ ಎಳೆ ಜೋಡಿಸಿ ಕಲಿತ ತಾಳ್ಮೆ ಅವಳದು. ಅದೂ ಮುಗಿಯಿತು. ಬಗ್ಗಿ ಆರ್.ಐ. ಅವರ ಭುಜ ತಟ್ಟಿದಳು.

"ನಾಯನಾ," ಎಂದಳು, "ಏಳು. ಇದು ನನ್ನ ಜಾಗ."

ತಿಪ್ಪೇರುದ್ರಪ್ಪನವರು ಎದ್ದು, ಪ್ಯಾಂಟು ಇಳಿಸಿಕೊಂಡು, ಹೋಗಿ ಸೋಫಾದ ಮೇಲೆ ಕುಳಿತರು. ಅಲ್ಲಿ ರಾಜ ಅವರ ಮೊಣಕಾಲ ಹತ್ತಿರ ಮಾತಾಡುತ್ತಿದ್ದ.